ಮಾಟಗಾತಿ ನಾಯಕಿಯಾದರೆ ಅವಳಿಗೆ ನ್ಯಾಯ ಸಿಕ್ಕಂತೆಯೇ?

ಡೆಬೊರಾ ಹಾರ್ಕ್ನೆಸ್ ಅವರ ‘ಎ ಡಿಸ್ಕವರಿ ಆಫ್ ವಿಚಸ್’ ಬಂದದ್ದು 2011ರಲ್ಲಿ. ಮಂಗಳೂರಿನ ನಮ್ಮ ಗೆಳೆಯರ ನಡುವೆ ಈ ಕಾದಂಬರಿ ಈಗಲೂ ಕೈಯಿಂದ ಕೈಗೆ ಹೋಗುತ್ತಿದೆ. ಓದಿದವರಲ್ಲಿ ಎರಡು ಪಂಗಡ. ನನ್ನ ಮನಸ್ಸಲ್ಲೂ ಎರಡು ಪಂಗಡ ಇರುವುದರಿಂದ ಎರಡೂ ಕಡೆಯ ವಾದವನ್ನು ನಾನೇ ಬರೆಯುತ್ತಿದ್ದೇನೆ.

ಪರ

ಇದರ ನಾಯಕಿ ಡಯಾನಾ ಬಿಷಪ್ ಪೊರಕೆ ಹತ್ತಿ ಹಾರುವವಳಲ್ಲ. ವಿಜ್ಞಾನದ ಇತಿಹಾಸ ಕಲಿಸುವ ಪ್ರೊಫೆಸರ್. ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿಯಲ್ಲಿ ಕೂತು ರಸವಿದ್ಯೆಯ ಹಳೆಯ ಹಸ್ತಪ್ರತಿಗಳನ್ನು ಓದುವುದು ಅವಳ ಕೆಲಸ. ಹುಟ್ಟಿನಿಂದ ಮಾಟಗಾತಿಯಾದರೂ ಆ ಶಕ್ತಿಯ ಸಹವಾಸವೇ ಬೇಡ ಅಂತ ದೂರ ನಿಂತವಳು. ಒಂದು ದಿನ ಆಶ್‌ಮೋಲ್ 782 ಅನ್ನುವ ಹಸ್ತಪ್ರತಿ ಅವಳ ಮೇಜಿಗೆ ಬರುತ್ತದೆ. ಬಿಚ್ಚಿದರೆ ಮೂರು ಹಾಳೆ ಕಾಣೆ. ಇದ್ದ ಹಾಳೆಗಳ ಅಡಿಯಲ್ಲಿ ಬೇರೆ ಅಕ್ಷರಗಳು ಓಡಾಡುತ್ತಿವೆ. ಅವಳು ಬೇಕಾದಷ್ಟು ಟಿಪ್ಪಣಿ ಮಾಡಿಕೊಂಡು ಅದನ್ನು ವಾಪಸ್ ಕೊಟ್ಟುಬಿಡುತ್ತಾಳೆ. ಅಲ್ಲಿಂದಲೇ ಎಲ್ಲ ಗಲಾಟೆ ಶುರು.

ಲೈಬ್ರರಿಯ ಈ ಪುಟಗಳು ನನಗೆ ತುಂಬಾ ಇಷ್ಟ. ಹಾರ್ಕ್ನೆಸ್ ಸ್ವತಃ ವಿಜ್ಞಾನದ ಇತಿಹಾಸಕಾರ್ತಿ. ಹಸ್ತಪ್ರತಿಯ ತೂಕ, ಚರ್ಮದ ರಟ್ಟು, ಹಾಳೆಯ ವಾಸನೆ ಎಲ್ಲ ಕೈಯಾರೆ ಮುಟ್ಟಿ ಬರೆದ ಹಾಗಿದೆ. ನಮ್ಮ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲಿರುವ ಬಾಸೆಲ್ ಮಿಷನ್ ಕಾಲದ ಪುಸ್ತಕಗಳನ್ನು ಹುಷಾರಾಗಿ ತಿರುವಿದವರಿಗೆ ಆ ಪುಳಕ ಗೊತ್ತು. ಡಯಾನಾ ಒಮ್ಮೆ ಎತ್ತರದ ಕಪಾಟಿನ ಪುಸ್ತಕವನ್ನು ಏಣಿ ಹತ್ತದೆ ಮಂತ್ರಶಕ್ತಿಯಿಂದಲೇ ಕೈಗೆ ಬರಿಸಿಕೊಳ್ಳುತ್ತಾಳೆ. ಯಾರೂ ನೋಡಲಿಲ್ಲ ಅಂದುಕೊಂಡಿರುತ್ತಾಳೆ, ಮುಂದೆ ಅವಳ ಪ್ರೇಮಿಯಾಗುವ ಮ್ಯಾಥ್ಯೂ ನೋಡಿಬಿಡುತ್ತಾನೆ. ಇಷ್ಟು ದೊಡ್ಡ ಶಕ್ತಿ ಇಷ್ಟು ಸಣ್ಣ ಕೆಲಸಕ್ಕೆ, ಅದೂ ಕದ್ದುಮುಚ್ಚಿ ಬಳಕೆಯಾಗುವ ಈ ಜಾಗದಲ್ಲಿ ಅವಳು ನನಗೆ ಹತ್ತಿರವಾದಳು.

ಅವಳ ಶಕ್ತಿ ಯಾಕೆ ಅಡಗಿಹೋಯಿತು ಅನ್ನುವುದು ಮುಂದೆ ಗೊತ್ತಾಗುತ್ತದೆ. ಅವಳು ಏಳು ವರ್ಷದವಳಿದ್ದಾಗ, ಯಾರ ಕಣ್ಣಿಗೂ ಬೀಳದಿರಲಿ ಅಂತ, ಅವಳ ಅಪ್ಪ ಅಮ್ಮನೇ ಅದನ್ನು ಮಂತ್ರ ಹಾಕಿ ಕಟ್ಟಿಬಿಟ್ಟಿದ್ದಾರೆ. ಜಾಸ್ತಿ ಮಾತಾಡಬೇಡ, ನಾಲ್ಕು ಜನರ ಎದುರು ಎದ್ದು ಕಾಣಬೇಡ ಅಂತ ಹೇಳಿಸಿಕೊಂಡು ಬೆಳೆದ ಹೆಣ್ಣುಮಕ್ಕಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಪ್ರೀತಿಯಿಂದ ಹಾಕಿದ ಕಟ್ಟು ಬಿಚ್ಚುವುದು ಎಷ್ಟು ಕಷ್ಟ ಅನ್ನುವುದನ್ನು ಈ ಕಾದಂಬರಿ ಮನಸ್ಸಿಟ್ಟು ತೋರಿಸುತ್ತದೆ.

ಹೆಂಗಸಿನ ಸಿಟ್ಟೇ ಶಕ್ತಿಯಾಗುವುದು ತುಳುನಾಡಿನವರಿಗೆ ಹೊಸದಲ್ಲ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಕುಡನ ಕೈಕಾಲನ್ನು ಅರಸ ಕಡಿಸಿದ. ಆಮೇಲೆ ತಂಗಿ ಕಲ್ಲುರ್ಟಿ ಆ ಅರಸನ ನೆಮ್ಮದಿ ಕೆಡಿಸಿದ್ದನ್ನು ತುಳುವಿನ ಕಥನಗೀತೆ ಪಾಡ್ದನ ಹಾಡುತ್ತದೆ. ಅವಳು ಮಾಯಕ್ಕೆ ಸಂದು, ಅಂದರೆ ಕಣ್ಣಿಗೆ ಕಾಣದ ಲೋಕ ಸೇರಿ, ದೈವವಾದಳು. ಇವತ್ತಿಗೂ ಅವಳಿಗೆ ಕೋಲ ಕೊಡುತ್ತೇವೆ, ನ್ಯಾಯ ಕೇಳುತ್ತೇವೆ. ಇಂಥ ಕಥೆ ಕೇಳಿ ಬೆಳೆದವರಿಗೆ ಡಯಾನಾಳ ಕೈಯಿಂದ ಗಾಳಿ, ನೀರು, ಬೆಂಕಿ ಹೊರಡುವುದು ಬರೀ ಚಮತ್ಕಾರವಾಗಿ ಕಾಣುವುದಿಲ್ಲ. ಬಹಳ ಕಾಲ ಅದುಮಿಟ್ಟದ್ದು ಹೊರಗೆ ಬಂತು ಅನಿಸುತ್ತದೆ. ಮಾಟಗಾತಿಯನ್ನು ಕಥೆಯ ಕೊನೆಯಲ್ಲಿ ಸುಡುವ ಬದಲು ಅವಳ ಬಾಯಿಂದಲೇ ಕಥೆ ಹೇಳಿಸಿದ್ದಾರೆ. ಅದಕ್ಕೆ ನನ್ನ ಪೂರ್ತಿ ಮೆಚ್ಚುಗೆ ಇದೆ.

ವಿರೋಧ

ಕಲ್ಲುರ್ಟಿ ಯಾರ ಅಪ್ಪಣೆಗೂ ಕಾಯಲಿಲ್ಲ. ಡಯಾನಾ ಕಾಯುತ್ತಾಳೆ. ಮ್ಯಾಥ್ಯೂ ಕ್ಲೇರ್ಮಾಂಟ್ ಸಾವಿರದೈನೂರು ವರ್ಷದ, ರಕ್ತ ಕುಡಿದು ಬದುಕುವ ವ್ಯಾಂಪೈರ್, ತಳಿವಿಜ್ಞಾನಿ, ಸಿರಿವಂತ. ಅವಳು ನಿದ್ದೆ ಮಾಡುವಾಗ ಕೂತು ನೋಡುತ್ತಾನೆ. ಎಲ್ಲಿಗೆ ಹೋಗಬೇಕು, ಯಾವಾಗ ಮಲಗಬೇಕು ಅಂತ ತೀರ್ಮಾನಿಸುತ್ತಾನೆ. ಕಥೆ ಫ್ರಾನ್ಸಿನಲ್ಲಿರುವ ಅವನ ಕೋಟೆಗೆ ಹೋದ ಮೇಲೆ ಸಂಶೋಧನೆ ಮೂಲೆಗೆ ಬೀಳುತ್ತದೆ. ವೈನ್, ಕುದುರೆ ಸವಾರಿ, ಅತ್ತೆಯ ಮುನಿಸು ಪುಟ ತುಂಬುತ್ತವೆ. ಮೊದಲ ನೂರು ಪುಟದ ಆ ಚುರುಕು ಪ್ರೊಫೆಸರ್ ಎಲ್ಲಿ ಹೋದಳು? ಕಾಪಾಡುವುದು ಮತ್ತು ಕಾವಲು ಕಾಯುವುದು ಒಂದೇ ಅಲ್ಲ. ಕಾದಂಬರಿ ಎರಡನ್ನೂ ಪ್ರೇಮದ ಲೆಕ್ಕಕ್ಕೇ ಬರೆದುಬಿಡುತ್ತದೆ.

ಇಷ್ಟನ್ನು ನಾನು ಕ್ಷಮಿಸಬಲ್ಲೆ. ಪ್ರೇಮಕಥೆಗಳಲ್ಲಿ ಇದು ಇದ್ದದ್ದೇ. ಕ್ಷಮಿಸಲು ಆಗದ್ದು ಬ್ರಿಜೆಟ್ ಬಿಷಪ್ ವಿಷಯ.

ಡಯಾನಾಳ ವಂಶದ ಹೆಸರು ಬಂದದ್ದು ಇವಳಿಂದ. ಬ್ರಿಜೆಟ್ ಕಲ್ಪನೆಯ ಪಾತ್ರವಲ್ಲ. ಅಮೆರಿಕದ ಸೇಲಂನಲ್ಲಿ 1692ರ ಜೂನ್ 10ರಂದು ನೇಣಿಗೇರಿದ ನಿಜವಾದ ಹೆಂಗಸು. ಆ ವರ್ಷ ಅಲ್ಲಿ ಮಾಟದ ಆರೋಪದ ಮೇಲೆ 19 ಮಂದಿಯನ್ನು ನೇಣಿಗೆ ಹಾಕಿದರು. ಅವರಲ್ಲಿ ಮೊದಲನೆಯವಳು ಇವಳು. ಇವಳ ಮೇಲೆ ಬಂದ ಸಾಕ್ಷಿ ಎಂಥದ್ದು? ಒಬ್ಬರ ಹೆಣ್ಣು ಹಂದಿ ಹುಚ್ಚುಹುಚ್ಚಾಗಿ ಆಡಿತು. ಒಬ್ಬರ ಮಗು ಕಾಯಿಲೆ ಬಿದ್ದು ದಿನೇದಿನೇ ಸೊರಗಿತು. ಇವಳಿದ್ದ ಹಳೆ ಮನೆಯ ಗೋಡೆಯಲ್ಲಿ ಬಟ್ಟೆಯ ಗೊಂಬೆಗಳು ಸಿಕ್ಕವು. ವಿಚಾರಣೆಯಲ್ಲಿ ಅವಳು ತಾನು ನಿರಪರಾಧಿ, ಮಾಟಗಾತಿ ಅಂದರೆ ಏನು ಅಂತಲೇ ತನಗೆ ತಿಳಿಯದು ಅಂದಳು. ಯಾರೂ ಕೇಳಲಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯ ಅವಳ ಹೆಸರು ಹಿಡಿದು ನಿರ್ದೋಷಿ ಅಂತ ಕಾನೂನು ಮಾಡಿದ್ದು 2001ರಲ್ಲಿ. ಮುನ್ನೂರು ವರ್ಷ ದಾಟಿದ ಮೇಲೆ!

ಅದಾಗಿ ಹತ್ತೇ ವರ್ಷಕ್ಕೆ ಬಂದ ಈ ಕಾದಂಬರಿ ಅವಳನ್ನು ನಿಜವಾದ ಮಾಟಗಾತಿಯರ ವಂಶಕ್ಕೆ ಸೇರಿಸುತ್ತದೆ. ಅಂದರೆ ಅಂದಿನ ನ್ಯಾಯಾಧೀಶರು ಅವಳನ್ನು ಸರಿಯಾಗಿಯೇ ಗುರುತಿಸಿದ್ದರು ಅಂತಾಯಿತು. ಸಾಲದ್ದಕ್ಕೆ ಮ್ಯಾಥ್ಯೂ ತನ್ನ ಲ್ಯಾಬಿನಲ್ಲಿ ಡಯಾನಾಳ ಡಿಎನ್‌ಎ ಪರೀಕ್ಷಿಸಿ, ಅವಳ ಶಕ್ತಿ ರಕ್ತದಲ್ಲೇ ಬಂದದ್ದು ಅಂತ ತೋರಿಸುತ್ತಾನೆ. ಅಮ್ಮ ಅಂಥವಳಾದರೆ ಮಗಳೂ ಅಂಥವಳೇ ಅನ್ನುವ ಮಾತು ಎಷ್ಟು ಮನೆ ಹಾಳು ಮಾಡಿದೆ ಅಂತ ನಮ್ಮ ದೇಶದಲ್ಲಿ ಹೇಳಬೇಕೇ?

ಬ್ರಿಜೆಟ್ ನಿರ್ದೋಷಿ ಅನಿಸಿಕೊಂಡ ಅದೇ 2001ರಲ್ಲಿ ಜಾರ್ಖಂಡ್ ಡಾಯನ್, ಅಂದರೆ ಮಾಟಗಾತಿ, ಅನ್ನುವ ಪಿಡುಗಿನ ವಿರುದ್ಧ ಕಾಯ್ದೆ ತಂದಿತು. ಅಲ್ಲಿ ಹೆಂಗಸರನ್ನು ಡಾಯನ್ ಅಂತ ಹೊಡೆದು ಸಾಯಿಸುತ್ತಿದ್ದರು. ಇಂಥ ಕೊಲೆಗಳು ಇನ್ನೂ ನಿಂತಿಲ್ಲ. ಕರ್ನಾಟಕಕ್ಕೂ 2017ರಲ್ಲಿ ವಾಮಾಚಾರ ತಡೆಯುವ ಕಾಯ್ದೆ ಬೇಕಾಯಿತು. ನಮ್ಮ ಕರಾವಳಿಯಲ್ಲಿ ಸಾಕ್ಷರತೆ ಹೆಚ್ಚು ಅಂತ ಹೆಮ್ಮೆಪಡುತ್ತೇವೆ. ಆದರೂ ದನ ಹಾಲು ಕಡಿಮೆ ಮಾಡಿದರೆ, ನಿಶ್ಚಯವಾದ ಮದುವೆ ಮುರಿದರೆ, ಯಾರೋ ಮಾಡಿಸಿದ್ದಾರೆ ಅನ್ನುವ ಮಾತು ಜಗಲಿಯ ಮೇಲೆ ಇನ್ನೂ ಬರುತ್ತದೆ. ಆ ಯಾರೋ ಹೆಚ್ಚಾಗಿ ನೆರೆಮನೆಯ ಒಂಟಿ ಹೆಂಗಸೇ ಆಗಿರುತ್ತಾಳೆ. ಸೇಲಂನ ಹಂದಿಗೂ ಇಲ್ಲಿನ ದನಕ್ಕೂ ಏನು ವ್ಯತ್ಯಾಸ?

ಇದು ಸುಮ್ನೆ ಫ್ಯಾಂಟಸಿ, ಇಷ್ಟು ತಲೆಕೆಡಿಸಿಕೊಳ್ಳಬೇಕಾ ಅನ್ನುತ್ತಾರೆ ಗೆಳೆಯರು. ಡಯಾನಾಳ ವಂಶಕ್ಕೆ ಬೇರೊಂದು ಹೆಸರಿಟ್ಟಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ವ್ಯಾಂಪೈರಿಗೆ ಹೊಸ ಹೆಸರು, ಹೊಸ ಚರಿತ್ರೆ ಕಟ್ಟಿದ ಲೇಖಕಿಗೆ ಮಾಟಗಾತಿಗೂ ಒಂದು ಹೆಸರು ಕಟ್ಟುವುದು ಕಷ್ಟವಿರಲಿಲ್ಲ. ಅದೂ ಇತಿಹಾಸವೇ ಕಸುಬಾದವರಿಗೆ. ನಾನಲ್ಲ ಅಂತ ಹೇಳುತ್ತಲೇ ನೇಣಿಗೇರಿದವಳನ್ನು ಹೌದು, ನೀನೇ ಅನ್ನುವ ಕಥೆಗೆ ಎಳೆದು ತಂದದ್ದು ನನಗೆ ಒಪ್ಪಿಗೆಯಿಲ್ಲ.