ಹರಿಯ ಸನ್ನಿಧಿಯಲ್ಲಿ ಹರಿದ ನೋಟು

ನಿನ್ನೆ ಸಂಜೆ ಮನಿ ಚೇಂಜರ್ ಅಂಗಡಿಯವನು ನನ್ನ 20 ಡಾಲರ್ ನೋಟನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. ಆಮೇಲೆ ಸತ್ತ ಜಿರಳೆಯನ್ನು ಮೀಸೆ ಹಿಡಿದು ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿ ವಾಪಸ್ ಕೊಟ್ಟ. "ಹರಿದಿದೆ ಸಾರ್, ನಡೆಯಲ್ಲ." ಅಲ್ಲಪ್ಪಾ, ಮೂರು ವಾರದ ಹಿಂದೆ ಇದೇ ಕೌಂಟರಿನಲ್ಲಿ ನೀನೇ ಕೊಟ್ಟಿದ್ದಲ್ವಾ ಅಂದೆ. ಅವನು ಮಾತಾಡದೆ ಗೋಡೆಯ ಬೋರ್ಡು ತೋರಿಸಿದ. ಕೌಂಟರ್ ಬಿಡುವ ಮೊದಲು ಹಣ ಎಣಿಸಿಕೊಳ್ಳಿ. ಎಣಿಸಿಕೊಂಡಿದ್ದೆ ಕಣಯ್ಯಾ! ಎಣಿಸುವವರು ಯಾರಾದರೂ ಒಂದೊಂದು ನೋಟಿನ ಅಂಚಿಗೂ ಬೆರಳು ಸವರಿ ನೋಡುತ್ತಾರಾ?

ಸವರಿ ನೋಡುತ್ತಾರೆ. ಕಾಂಬೋಡಿಯಾದಲ್ಲಿ ಎಲ್ಲರೂ ನೋಡುತ್ತಾರೆ.

ಹರಿದ ನೋಟು ನಮಗೇನು ಹೊಸದಲ್ಲ. ಕಂಡಕ್ಟರ್ ಮಡಿಸಿ ಕೊಡುತ್ತಾನೆ, ನಾವು ಇನ್ನೂ ಒಂದು ಮಡಿಕೆ ಹಾಕಿ ಕತ್ತಲಾದ ಮೇಲೆ ಪೆಟ್ರೋಲ್ ಬಂಕಿನಲ್ಲಿ ದಾಟಿಸುತ್ತೇವೆ. ಅಲ್ಲೂ ಆಗದಿದ್ದರೆ ಮಂಗಳಾರತಿ ತಟ್ಟೆ ಇದ್ದೇ ಇದೆ, ದೇವರು ಬೇಡ ಅನ್ನಲ್ಲ. ಇದೇ ಧೈರ್ಯದಲ್ಲಿ ನಾನು, ನನ್ನ ಹೆಂಡತಿ, ಅವಳ ಅಣ್ಣ ಮೂವರೂ ನವೆಂಬರ್ ಕೊನೆಗೆ ಸಿಯೆಮ್ ರೀಪ್‌ನಲ್ಲಿ ಇಳಿದೆವು. ಅಂಕೋರ್ ದೇವಸ್ಥಾನಗಳ ಮೂರು ದಿನದ ಪಾಸಿಗೆ ತಲೆಗೆ 62 ಡಾಲರ್. ಅಲ್ಲೇ ಫೋಟೋ ತೆಗೆದು ಪಾಸಿನ ಮೇಲೆ ಅಚ್ಚು ಹಾಕಿಕೊಡುತ್ತಾರೆ. ನನ್ನ ಫೋಟೋದಲ್ಲಿ ನಾನು ಆಗ ತಾನೇ ಜೇಬುಗಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗಿದ್ದೇನೆ. ಕಾರಣ ಇದೆ. ಕೌಂಟರಿನ ಹುಡುಗಿ ನಮ್ಮ ನೋಟುಗಳಲ್ಲಿ ಒಂದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ನಗುತ್ತಾ, ಬೇರೆ ಕೊಡಿ ಅಂದಿದ್ದಳು. ಮೂಲೆಯಲ್ಲಿ ಅರ್ಧ ಇಂಚು ಹರಿದಿತ್ತು. ಅಲ್ಲಿ ಡಾಲರ್ ಮಾಮೂಲಿ ಚಲಾವಣೆಯಲ್ಲಿದೆ, ಆದರೆ ಹರಿದ ಡಾಲರ್ ಯಾರಿಗೂ ಬೇಡ.

ನಾನಾಗಿದ್ದರೆ ಅದನ್ನು ಪರ್ಸಿನ ತಳಕ್ಕೆ ಹಾಕಿ ಮರೆಯುತ್ತಿದ್ದೆ. ಆದರೆ ನಮ್ಮ ಭಾವ ಮೂವತ್ತು ವರ್ಷ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. "ಇಲ್ಲಿ ಕೊಡಿ ಭಾವ," ಎಂದು ನೋಟು ಇಸಿದುಕೊಂಡರು. "ಅಮೆರಿಕದಲ್ಲೇ ಅರ್ಧಕ್ಕಿಂತ ಜಾಸ್ತಿ ನೋಟು ಉಳಿದಿದ್ರೆ ಬದಲಾಯಿಸಿ ಕೊಡ್ತಾರೆ. ಇವರ್ಯಾರು ಬೇಡ ಅನ್ನೋಕೆ? ನಾನು ದಾಟಿಸ್ತೀನಿ ನೋಡಿ." ಆ ಗಳಿಗೆಯಿಂದ ನಮ್ಮ ಪ್ರವಾಸ ಮುಗಿಯಿತು. ಮುಂದಿನದ್ದು ಭಾವನ ಕಾರ್ಯಾಚರಣೆ.

ಮರುದಿನ ನಾಲ್ಕು ಗಂಟೆಗೆ ಎದ್ದು, ಅವಲಕ್ಕಿ ತಿಂದು, ಅಂಕೋರ್‌ವಾಟ್ ಮುಂದಿನ ಕೊಳದ ಹತ್ತಿರ ಸೂರ್ಯ ಹುಟ್ಟುವುದನ್ನು ಕಾದೆವು. ಮೋಡ ಇತ್ತು. ಮುಂದಿನವರ ಮೊಬೈಲುಗಳಲ್ಲಿ ಸ್ವಲ್ಪ ಕೆಂಪಗೆ ಕಾಣಿಸಿತು, ಅದನ್ನೇ ಸೂರ್ಯೋದಯ ಎಂದುಕೊಂಡೆವು. ಭಾವ ಅಷ್ಟು ಹೊತ್ತೂ ಎಳನೀರು ಮಾರುವ ಹೆಂಗಸನ್ನೇ ಗಮನಿಸುತ್ತಿದ್ದರು. ಬೆಳಕು ಹರಿಯುವ ಮೊದಲೇ ದಾಟಿಸಬೇಕಂತೆ. ಹೋಗಿ ಮೂರು ಎಳನೀರು ಕೊಚ್ಚಿಸಿದರು. ಬರೀ ಎಳನೀರಿಗೆ 20 ಡಾಲರ್ ಕೊಟ್ಟರೆ ಅನುಮಾನ ಬರುತ್ತೆ ಅಂತ ಪಕ್ಕದಲ್ಲೇ ನೇತು ಹಾಕಿದ್ದ ಕ್ರಮಾ ಎರಡು ತೆಗೆದುಕೊಂಡರು. ಕ್ರಮಾ ಅಂದರೆ ಅಲ್ಲಿಯವರು ತಲೆಗೆ, ಸೊಂಟಕ್ಕೆ, ಮಗುವಿನ ತೊಟ್ಟಿಲಿಗೆ ಎಲ್ಲಕ್ಕೂ ಬಳಸುವ ಕೆಂಪು ಬಿಳಿ ಚೌಕಳಿಯ ಬಟ್ಟೆ, ನಮ್ಮ ಚೌಕದ ದಾಯಾದಿ. ಆಮೇಲೆ ಫ್ರಿಜ್ಜಿಗೆ ಅಂಟಿಸುವ ಒಂದು ಆನೆ. ಇನ್ನೂ 20 ಆಗಲಿಲ್ಲ. ಆಗ ಭಾವ, ಜಯನಗರದ ಮಾರ್ಕೆಟ್ಟಿನಲ್ಲಿ ಎರಡು ರೂಪಾಯಿಗೆ ಕೊತ್ತಂಬರಿ ಸೊಪ್ಪಿನವಳ ಜೊತೆ ಹತ್ತು ನಿಮಿಷ ವಾದ ಮಾಡುವ ಮನುಷ್ಯ, ಆ ಹೆಂಗಸಿಗೆ ತಾನಾಗಿಯೇ ಬೆಲೆ ಏರಿಸಿ ಹೇಳಿದರು.

ನೋಟು ಕೊಟ್ಟಿದ್ದೂ ಒಂದು ಕಲೆಯೇ. ಹರಿದ ಮೂಲೆ ಹೆಬ್ಬೆರಳಿನ ಕೆಳಗೆ, ಜಾಕ್ಸನ್ ಸಾಹೇಬರ ಮುಖ ಮೇಲೆ, ಮುಖದಲ್ಲಿ ಅವಸರ. ಅವಳು ಇಸಿದುಕೊಂಡಳು. ಬಿಡಿಸಿದಳು. ಇಡೀ ಸಿಯೆಮ್ ರೀಪಿಗೆ ಕಾಣದಿದ್ದ ಸೂರ್ಯ ಆ ಒಂದು ಕ್ಷಣಕ್ಕೆ ಮೋಡದಿಂದ ಹೊರಗೆ ಬಂದ. ಅವಳು ನೋಟನ್ನು ಅವನಿಗೇ ಹಿಡಿದು ನಾಲ್ಕೂ ಅಂಚಿಗೆ ಬೆರಳು ಸವರಿದಳು. "ಸಾರಿ ಬಾಂಗ್," ಎಂದು ನಕ್ಕಳು. ಬಾಂಗ್ ಅಂದರೆ ಅಣ್ಣನೂ ಹೌದು, ಅಕ್ಕನೂ ಹೌದು. ಎಳನೀರು ಕೊಚ್ಚಿ ಆಗಿತ್ತು. ಬೆಲೆ ನಾವೇ ಏರಿಸಿ ಆಗಿತ್ತು. ಒಳ್ಳೆಯ ನೋಟು ಕೊಟ್ಟು ಬಂದೆವು.

"ಅಣ್ಣಾ, ಬಿಡೋ ಮಾರಾಯ," ಅಂದಳು ನನ್ನವಳು. ಎಲ್ಲಿ ಬಿಡುತ್ತಾರೆ?

ಅಂಕೋರ್‌ವಾಟ್ ಮೊದಲು ವಿಷ್ಣು ದೇವಸ್ಥಾನ. ಕಟ್ಟಿಸಿದವನು ಎರಡನೇ ಸೂರ್ಯವರ್ಮ, 12ನೇ ಶತಮಾನದಲ್ಲಿ, ಅಂದರೆ ಹೆಚ್ಚುಕಡಿಮೆ ನಮ್ಮ ವಿಷ್ಣುವರ್ಧನ ಬೇಲೂರು ಕಟ್ಟಿಸಿದ ಕಾಲದಲ್ಲೇ. ಪಶ್ಚಿಮದ ಬಾಗಿಲಲ್ಲಿ ಎಂಟು ಕೈಯ ವಿಷ್ಣು ಈಗಲೂ ನಿಂತಿದ್ದಾನೆ. ಊರಿನವರು ಅವನನ್ನು ತಾ ರೀಚ್ ಎಂದು ಕರೆದು, ಕಾವಿ ಹೊದಿಸಿ, ಊದುಬತ್ತಿ ಹಚ್ಚುತ್ತಾರೆ. ಎದುರಿಗೆ ಕಾಣಿಕೆ ಡಬ್ಬಿ. ನಾನು ಭಾವನಿಗೆ ಕಣ್ಣಲ್ಲೇ ತೋರಿಸಿದೆ. ಭಾವ ನೋಟು ತೆಗೆದರು, ಕೈ ಮುಗಿದರು, ಮತ್ತೆ ಜೇಬಿಗೆ ಇಟ್ಟುಕೊಂಡರು. "1,700 ರೂಪಾಯಿ ಭಾವ. ದೇವರಿಗೆ ಜಾಸ್ತಿ ಆಯ್ತು." ಹರಿಗೂ ಸಲ್ಲದೆ ಆ ನೋಟು ಹಾಗೇ ಉಳಿಯಿತು.

ಒಳಗಿನ ಗೋಡೆಗಳಲ್ಲಿ ಕುರುಕ್ಷೇತ್ರ ಇದೆ, ಲಂಕೆಯ ಯುದ್ಧ ಇದೆ, ವಾಸುಕಿಯನ್ನು ಹಿಡಿದು ಜಗ್ಗುವ ಸಮುದ್ರಮಥನ ಇದೆ. ನಾವು ಹೆಚ್ಚು ಹೊತ್ತು ನಿಂತಿದ್ದು ದಕ್ಷಿಣದ ಗೋಡೆಯ ಹತ್ತಿರ. ಅಲ್ಲಿ ಯಮ ಕೂತಿದ್ದಾನೆ, ಚಿತ್ರಗುಪ್ತ ಲೆಕ್ಕ ಒಪ್ಪಿಸುತ್ತಿದ್ದಾನೆ, ಕೆಳಗೆ 32 ನರಕ. ಯಾವ ಪಾಪಕ್ಕೆ ಯಾವ ನರಕ ಎಂದು ಅಲ್ಲೇ ಕೊರೆದಿದ್ದಾರೆ. ನನ್ನವಳು ಒಂದೊಂದನ್ನೂ ಬಗ್ಗಿ ನೋಡುತ್ತಾ, "ಹರಿದ ನೋಟು ದಾಟಿಸೋರದ್ದು ಯಾವುದು ಅಣ್ಣಾ?" ಎಂದಳು. ಭಾವ ಮುಂದಿನ ಗೋಡೆಗೆ ಹೋದರು.

ಆ ರಾತ್ರಿ ಹೋಟೆಲಿನವರ ಹತ್ತಿರ ಗಮ್ ಟೇಪ್ ಇಸಿದುಕೊಂಡು ಬಂದು ಅಂಟಿಸಿದರು. ಅರ್ಧ ಇಂಚಿನ ಹರಕಿಗೆ ಎರಡು ಇಂಚಿನ ಟೇಪು. ಮೊದಲು ಹುಡುಕಿ ನೋಡಬೇಕಿತ್ತು, ಈಗ ದೂರದಿಂದಲೇ ಹೊಳೆಯಿತು. ತುಕ್‌ತುಕ್ ಡ್ರೈವರ್ ಬೇಡ ಅಂದ. ಊಟದ ಹೋಟೆಲಿನಲ್ಲಿ ಬೇಡ ಅಂದರು. ಆ ಊಟದ ಕತೆ ಬೇರೆಯೇ ಇದೆ: ಬರೀ ತರಕಾರಿ ಎಂದು ಮೂರು ಸಲ ಹೇಳಿದರೂ ತರಕಾರಿಗೆ ಮೀನಿನ ಸಾಸ್ ಹಾಕಿದ್ದರು, ಅದು ಅವರ ಲೆಕ್ಕದಲ್ಲಿ ಉಪ್ಪು. ಪ್ರತಿ ಪ್ರಯತ್ನಕ್ಕೂ ಭಾವ ಏನಾದರೂ ಕೊಳ್ಳುತ್ತಿದ್ದರು. ಆ 20 ಡಾಲರ್ ಕಳೆಯಲು ಎರಡು ದಿನದಲ್ಲಿ ಕಳೆದದ್ದು 43.

ನನಗೆ ಸಿಟ್ಟು ಬಂದಿದ್ದು ತಾ ಪ್ರೋಮ್‌ನಲ್ಲಿ. ಏಳನೇ ಜಯವರ್ಮ 1186ರಲ್ಲಿ ತಾಯಿಯ ಹೆಸರಲ್ಲಿ ಕಟ್ಟಿಸಿದ್ದು. ಈಗ ಮರದ ಬೇರುಗಳು ಹೆಬ್ಬಾವಿನ ಹಾಗೆ ಗೋಡೆ ತಬ್ಬಿಕೊಂಡಿವೆ. ಗೋಪುರ ಕುಸಿದಿದೆ, ಕಲ್ಲು ರಾಶಿ ಬಿದ್ದಿದೆ, ನಮ್ಮ ಪುರಾತತ್ವ ಇಲಾಖೆಯವರೇ ಹೋಗಿ ಎಷ್ಟೋ ವರ್ಷ ದುರಸ್ತಿ ಮಾಡಿದ್ದಾರೆ. ತಲೆ ಇಲ್ಲದ ದೇವರು, ಕೈ ಇಲ್ಲದ ದ್ವಾರಪಾಲಕ, ಮೂಗು ಹೋದ ಅಪ್ಸರೆ, ಇವರನ್ನೆಲ್ಲ ನೋಡಲು ಪ್ರಪಂಚದ ಮೂಲೆಮೂಲೆಯಿಂದ ಜನ ಬಂದು ಕಣ್ಣರಳಿಸಿ ದುಡ್ಡು ಸುರಿಯುತ್ತಾರೆ. ಇಡೀ ದೇವಸ್ಥಾನವೇ ಬಿದ್ದಿದ್ದರೂ ನಡೆಯುತ್ತದೆ. ನನ್ನ ನೋಟಿನ ಮೂಲೆ ಮಾತ್ರ ನಡೆಯಲ್ಲ!

ಬಾಯೋನ್‌ಗೆ ಹೋದರೆ ಇನ್ನೂ ಕಷ್ಟ. ಅಲ್ಲಿ ಗೋಪುರಗಳ ತುಂಬ ದೊಡ್ಡ ದೊಡ್ಡ ಕಲ್ಲಿನ ಮುಖಗಳು, 200ಕ್ಕೂ ಹೆಚ್ಚು, ಎಲ್ಲವೂ ಕಣ್ಣು ಮುಚ್ಚಿದ ಹಾಗೆ, ತುಟಿಯಂಚಿನಲ್ಲಿ ಒಂದು ನಗು. ಬೋಧಿಸತ್ವನೋ ಜಯವರ್ಮನೋ ಎಂದು ಗೈಡು ಚರ್ಚೆ ಶುರು ಮಾಡಿದ. ನನಗೆ ಗುರುತು ಸಿಕ್ಕಿತ್ತು. ಟಿಕೆಟ್ ಕೌಂಟರಿನ ಹುಡುಗಿಯ ನಗು, ಎಳನೀರಿನವಳ ನಗು, ಅದೇ. ಎಲ್ಲಿ ತಿರುಗಿದರೂ, ಸಾರಿ ಬಾಂಗ್.

ಕೊನೆಯ ದಿನ ಕಂಪೋಂಗ್ ಫ್ಲುಕ್‌ಗೆ ಹೋದೆವು. ತೋನ್ಲೆ ಸಾಪ್ ಸರೋವರದ ದಡದ ಊರು, ಮನೆಗಳೆಲ್ಲ ಎತ್ತರದ ಕಂಬಗಳ ಮೇಲೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ ತೋನ್ಲೆ ಸಾಪ್ ನದಿ ಹಿಂದಕ್ಕೆ ಹರಿಯುತ್ತದೆ, ಸರೋವರ ಐದಾರು ಪಟ್ಟು ಹಿಗ್ಗುತ್ತದೆ. ನಮ್ಮ ನೋಟೂ ಅದೇ ನದಿಯ ಜಾತಿ, ಎಷ್ಟು ಮುಂದಕ್ಕೆ ತಳ್ಳಿದರೂ ಹಿಂದಕ್ಕೇ ಹರಿದು ಬರುತ್ತಿತ್ತು. ನಾವು ಹೋದಾಗ ನೀರು ಮನೆಗಳ ಮೆಟ್ಟಿಲವರೆಗೂ ಇತ್ತು. ಹುಡುಗರು ದೋಣಿಯಲ್ಲಿ ಸ್ಕೂಲಿಗೆ ಹೋಗುತ್ತಿದ್ದರು. ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿದ ಕಾಡಿನ ನಡುವೆ ನಮ್ಮನ್ನು ಕರೆದೊಯ್ದದ್ದು ಒಬ್ಬ ವಯಸ್ಸಾದ ಹೆಂಗಸು. ಹುಟ್ಟು ಹಾಕುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಭಾವ ಕೂಡ ಸುಮ್ಮನಿದ್ದರು.

ಇಳಿಯುವಾಗ ಭಾವ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದರು. ಅಜ್ಜಿ ಚಿಲ್ಲರೆ ಕೊಡಲು ಸೊಂಟದ ಗಂಟು ಬಿಚ್ಚಿದಳು. ಒಳಗೆ ಅವರ ದೇಶದ ದುಡ್ಡಾದ ರಿಯಲ್ ನೋಟುಗಳು, ಒದ್ದೆ, ಮೆತ್ತಗೆ, ಕೆಲವಕ್ಕೆ ಟೇಪು. ಅವಳ ವಯಸ್ಸಿನವರು ನೋಡಿದ್ದು ಕಡಿಮೆಯಲ್ಲ. 1975ರಲ್ಲಿ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆ ಅಧಿಕಾರಕ್ಕೆ ಬಂದು ದುಡ್ಡನ್ನೇ ರದ್ದು ಮಾಡಿತು, ದೇಶದ ದೊಡ್ಡ ಬ್ಯಾಂಕಿನ ಕಟ್ಟಡವನ್ನೇ ಸಿಡಿಸಿತು. ರಿಯಲ್ ಮತ್ತೆ ಬಂದಿದ್ದು 1980ರಲ್ಲಿ. ಮಧ್ಯದ ಆ ವರ್ಷಗಳಲ್ಲಿ ಒಂದು ದೇಶಕ್ಕೆ ದೇಶವೇ ನೋಟಿಲ್ಲದೆ, ಅನ್ನವಿಲ್ಲದೆ ಇತ್ತು. ಕ್ಯಾಷಿಯರ್ ಭಾವನಿಗೆ ಅದನ್ನು ಹೇಳಿದೆ. ಅವರು ಜೇಬಿನಿಂದ ಒಳ್ಳೆಯ ನೋಟು ತೆಗೆದು ಕೊಟ್ಟರು. ಚಿಲ್ಲರೆ ಬೇಡ ಅಂದರು. ದೋಣಿ ತಿರುಗಿ ಹೋಗುವವರೆಗೂ ನಿಂತಿದ್ದರು.

ಹರಿದದ್ದು ಬೆಂಗಳೂರಿಗೆ ನನ್ನ ಪರ್ಸಿನಲ್ಲೇ ಬಂತು.

ನಿನ್ನೆ ಮನಿ ಚೇಂಜರ್ ಬೇಡ ಅಂದ ಮೇಲೆ ಭಾವನಿಗೆ ಫೋನ್ ಮಾಡಿದೆ. ಅವರ ಉತ್ಸಾಹ ಇನ್ನೂ ಇಳಿದಿಲ್ಲ. ಪಕ್ಕದ ಮನೆ ಹುಡುಗ ಮುಂದಿನ ತಿಂಗಳು ಟೆಕ್ಸಾಸಿಗೆ ಓದಲು ಹೋಗುತ್ತಾನಂತೆ, ಕವರಿಗೆ ಹಾಕಿ, ಮೇಲೊಂದು ರೂಪಾಯಿ ಇಟ್ಟು, ಆಶೀರ್ವಾದ ಮಾಡಿ ಕೊಟ್ಟುಬಿಡೋಣ, ಅಲ್ಲಿ ಖಂಡಿತ ನಡೆಯುತ್ತೆ ಅಂದರು. "ಆದ್ರೆ ಭಾವ, ಆ ಟೇಪು ಅಸಹ್ಯವಾಗಿ ಕಾಣುತ್ತೆ, ಮೆತ್ತಗೆ ಬಿಡಿಸಿಬಿಡಿ."

ಮೆತ್ತಗೇ ಎಳೆದೆ. ಈಗ ಎರಡೂವರೆ ಇಂಚು ಹರಿದಿದೆ.