163ನೇ ಪುಟ ಹರೀರಿ, ರೊಕ್ಕ ವಾಪಸ್ ಒಯ್ರಿ

ನಮ್ಮ ಓಣ್ಯಾಗಿನ ಕಾಕಾ ಆತ್ಮಕಥೆ ಬರೀಲತ್ತಾರ. ಯಾರರೆ ಚಹಾಕ್ಕ ಕರದ್ರ ಸಾಕು, ಚೀಲದಾಗಿಂದ ನೋಟಬುಕ್ ತಗದು ಒಂದು ಅಧ್ಯಾಯ ಓದೇ ಬಿಡ್ತಾರ, ಹಂಗಾಗಿ ಈಗ ಸೂಪರ್ ಮಾರ್ಕೆಟ್ ಕಡಿ ಮಂದಿ ಕಾಕಾನ ದೂರದಿಂದ ಕಂಡ್ರೇ ಅರ್ಧ ಕಪ್ ಬಿಟ್ಟು ಎದ್ದು ಹೋಗ್ಲತ್ತಾರ.

ಮೊದಲನೇ ಅಧ್ಯಾಯದಾಗ ಕಾಕಾ ಉಪಾಸ. ಎರಡನೇದ್ರಾಗೂ ಉಪಾಸ. ಅವರಪ್ಪಗ ಇಪ್ಪತ್ತು ಎಕರೆ ತೊಗರಿ ಹೊಲ ಇತ್ತು, ಮನ್ಯಾಗ ಎರಡು ಎಮ್ಮಿ ಹಿಂಡ್ತಿದ್ವು, ಇದು ಇಡೀ ಓಣಿಗೆ ಗೊತ್ತು. ಕೇಳಿದ್ರ "ತಮ್ಮಾ, ತುಪ್ಪ ತಿಂದವನ ಕಥಿ ಯಾವನು ಓದ್ತಾನ?" ಅಂತಾರ. ಮೂರನೇದ್ರಾಗ ನಿಜಾಮನ ಕಡಿ ಬಡದಾಡೋ ರಜಾಕಾರರನ್ನ ಓಡಿಸ್ಯಾರ. ನಮ್ಮ ಕಲಬುರಗಿ ಭಾಗ ನಿಜಾಮನ ಕೈಯಿಂದ ಬಿಡುಗಡೆ ಆಗಿದ್ದು 1948ರ ಸೆಪ್ಟೆಂಬರ್ 17ಕ್ಕ, ಕಾಕಾನ ಆಧಾರ್ ಕಾರ್ಡಿನಾಗ ಹುಟ್ಟಿದ್ದು 1951. ಇದಕ್ಕ ಅವರ ಉತ್ತರ, ಆಧಾರ್ ತಪ್ಪ ಅದ.

ನಾಲ್ಕನೇದು ಗೋಕಾಕ ಚಳವಳಿ, 1982, ಮೂರು ತಿಂಗಳು ಜೈಲು. ಅವತ್ತು ಅವರ ಜೋಡಿ ಇದ್ದ ಮಾಮಾ ಒಬ್ರು ಇನ್ನೂ ಅದಾರ, ಅವರು ಹೇಳೋದು ಬ್ಯಾರೆ: ಮುಂಜಾನಿ ಹಿಡಕೊಂಡು ಹೋದ್ರು, ಸುಸಲಾ ತಿನಿಸಿ ಸಂಜಿ ಐದಕ್ಕ ಬಿಟ್ರು.

ತಡಕೊಳ್ಳಲಾರದೆ ನಾ ಕಾಕಾಗ ಅಮೆರಿಕಾದ ಜೇಮ್ಸ್ ಫ್ರೇ ಕಥಿ ಹೇಳ್ದೆ. ಆತಾ 2003ರಾಗ ತನ್ನ ನಶಾದ ಬದುಕಿನ ಮ್ಯಾಲ ಒಂದು ಆತ್ಮಕಥೆ ಬರದ, 2005ರಾಗ ಓಪ್ರಾ ವಿನ್‌ಫ್ರೇ ತನ್ನ ಟಿವಿ ಶೋದಾಗ ಅದನ್ನ ಹೊಗಳಿದ್ದೇ ತಡ ಲಕ್ಷಗಟ್ಟಲೆ ಹೋದ್ವು, 2006ರ ಜನವರಿದಾಗ ಒಂದು ವೆಬ್‌ಸೈಟಿನವರು ಪೊಲೀಸ್ ಕಾಗದ ತಗದು ನೋಡಿದ್ರ 87 ದಿನ ಜೈಲಿನಾಗಿದ್ದೆ ಅಂದವ ಇದ್ದದ್ದು ಕೆಲವೇ ತಾಸು! ಇದರಾಗ ಮಜಾ ಏನಂದ್ರ, ಇದೇ ಬರಹ ಮೊದಲು ಕಾದಂಬರಿ ಅಂತ ಒಯ್ದಾಗ ಒಬ್ಬ ಪ್ರಕಾಶಕನೂ ಮೂಸಿ ನೋಡಿದ್ದಿಲ್ಲ. ಸುಳ್ಳಿಗೆ ಸುಳ್ಳು ಅಂದ್ರ ಗಿರಾಕಿ ಇಲ್ಲ, ಖರೇ ಅಂದ್ರ ಪಾಳಿ ಹಚ್ಚಿ ಒಯ್ತಾರ.

ಕಾಕಾಗ ನಾಚಿಕಿ ಬರ್ತದ ಅಂದ್ಕೊಂಡಿದ್ದೆ. "ಮೂರು ತಿಂಗಳಿಗೆ ಮೂರೇ ದಿನ ಕಮ್ಮಿ ನೋಡು, ಅವನೂ ನಮ್ಮಂಗೇ ಬಿಡು" ಅಂದ್ರು.

ತೋಳದ ಕಥಿ ಹೇಳಬಾರದಿತ್ತು, ಹೇಳಿಬಿಟ್ಟೆ. ಮಿಶಾ ಡಿಫೊನ್ಸೆಕಾ ಅನ್ನಾಕಿ ಹಿಟ್ಲರ್ ಕಾಲದಾಗ ಅಪ್ಪ ಅವ್ವನ್ನ ಹುಡುಕಿ ಸಣ್ಣಾಕಿದ್ದಾಗೇ ಯುರೋಪ್ ಪೂರಾ ನಡದೆ, ತೋಳ ನನ್ನ ಸಾಕಿದ್ವು ಅಂತ 1997ರಾಗ ಬರದಿದ್ಲು, 2008ರಾಗ ಸುಳ್ಳು ಅಂತ ತಾನೇ ಒಪ್ಕೊಂಡ್ಲು. ಮರುದಿನ ಬಂದು ನೋಡಿದ್ರ ಕಾಕಾ ಚಿಂಚೋಳಿ ಅಡವ್ಯಾಗ ಮೂರು ರಾತ್ರಿ ತೋಳಗಳ ಜೋಡಿ ಮಲಗ್ಯಾರ. ಅವು ಭಾಳ ಛಲೋ ಇದ್ವಂತ. ಆ ಮೂರು ದಿನ ಕಾಕಾ ಅದೇ ಊರ ಕಡಿ ಬೀಗರ ಮದಿವ್ಯಾಗ ಹುಗ್ಗಿ ಬಡೀಲತ್ತಿದ್ರು ಅಂತ ಕಾಕು ಒಳಗಿಂದೇ ಕೂಗಿ ಹೇಳಿದ್ರು, ಬರಕೊಳ್ಳಲಿಲ್ಲ.

ಕಡೀಗಿ ರೊಕ್ಕದ ಮಾತು ತಗದೆ. ಫ್ರೇ ಪುಸ್ತಕದ ಪ್ರಕಾಶಕರು ಕೋರ್ಟ್ ರಾಜಿ ಮಾಡ್ಕೊಂಡು ರೊಕ್ಕ ವಾಪಸ್ ಕೊಡ್ತೀವಿ ಅಂದ್ರು, ಆದ್ರ ಖರೇ ಅಂತ ನಂಬೇ ತಗೊಂಡಿದ್ದೆ ಅಂತ ಆಣೆ ಮಾಡಿ ಬರಕೊಡಬೇಕು, ಗಟ್ಟಿ ರಟ್ಟಿನ ಪ್ರತಿ ಇದ್ದವರು 163ನೇ ಪುಟ ಹರದು ಕಳಿಸಬೇಕು. ಲಕ್ಷಗಟ್ಟಲೆ ಓದುಗರಾಗ ಕೇಳಿದವರು ಎರಡು ಸಾವಿರನೂ ದಾಟಲಿಲ್ಲ. ನಮ್ಮ ಓಣ್ಯಾಗಂತೂ ನಂಬಿ ತಗೊಂಡೆ ಅಂತ ಆಣೆ ಮಾಡೋನು ಒಬ್ಬನೂ ಸಿಗಂಗಿಲ್ಲ, ಅಷ್ಟರ ಮಟ್ಟಿಗೆ ಕಾಕಾ ಸೇಫ್.

ಆದ್ರ ಕಾಕಾನ ಮಾರಿ ಮೊದಲ ಸಲ ಸಣ್ಣಗಾತು. ಸಂಜಿಗೆ ಡಿಟಿಪಿ ಅಂಗಡಿಗಿ ಹೋಗಿ "ಪುಸ್ತಕ 162ನೇ ಪುಟಕ್ಕ ಮುಗಿಸ್ರಿ" ಅಂದ್ರಂತ. ಆ ಹುಡುಗ "ಕಾಕಾ, ಅಲ್ಲಿಗಿ ನಿಮ್ಮ ಮದಿವಿನೇ ಆಗಿಲ್ಲ" ಅಂತ ಹೇಳಿ ನೋಡ್ಯಾನ, ಕೇಳಿಲ್ಲ.

ಕಾಕು ದಿನಾ ನನ್ನ ತಡಬಿ ಕೇಳ್ಲತ್ತಾರ, ನನ್ನ ಫೋಟೋ ಯಾವ ಪುಟಕ್ಕ ಬರ್ತದಪ್ಪಾ ಅಂತ.