ಹೋಟಗಿ ರಸ್ತೆಯ ವಿಮಾನ ನಿಲ್ದಾಣದ ಜಾಗ ನಾಳೆ ಯಾರಿಗೆ?

ಸೊಲ್ಲಾಪುರದ ಹೋಟಗಿ ರಸ್ತೆಯ ನಿಲ್ದಾಣದಿಂದ ಗೋವಾಕ್ಕೆ ವಿಮಾನ ಶುರುವಾಗಿದ್ದು 2025ರ ಜೂನ್‌ನಲ್ಲಿ. ಅದು ಸರಿಯಾಗಿ ರೂಢಿಗೆ ಬರೋ ಮೊದಲೇ ನಮ್ಮ ಕಡೆ ಮದುವೆ ಮನೆಗಳಲ್ಲಿ ಇನ್ನೊಂದು ಮಾತು ಎದ್ದಿದೆ, ಊರ ಹೊರಗಿನ ಬೋರಾಮಣಿಯಲ್ಲಿ ಹೊಸ ನಿಲ್ದಾಣ ಕಟ್ಟುವ ಯೋಜನೆಯದ್ದು. "ಬೋರಾಮಣಿಯಲ್ಲಿ ದೊಡ್ಡದು ಆಗಲಿ, ಹೋಟಗಿ ರಸ್ತೆದು ಮುಚ್ಚತಾರೆ. ಆಮ್ಯಾಲೆ ಆ ಜಾಗದ ರೇಟ್ ನೋಡ್ರಿ!" ಹೇಳುವವರ ಮುಖದಲ್ಲಿ ಖುಷಿ ಬೇರೆ. ಅವರದ್ದೊಂದು ಪ್ಲಾಟ್ ಆ ರಸ್ತೆಯಲ್ಲಿ ಇದ್ದೇ ಇರುತ್ತದೆ ಬಿಡಿ.

ನನಗೆ ಮಾತ್ರ ಸಿಟ್ಟು ಬರುತ್ತದೆ. ಕಾರಣ, ಚಿಮಣಿ.

ಹೊರಗಿನವರಿಗೆ ಇದನ್ನು ಸ್ವಲ್ಪ ಹೇಳಬೇಕು. ನಿಲ್ದಾಣದ ಹತ್ತಿರವೇ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಎಷ್ಟೋ ಕನ್ನಡ ಮನೆಗಳ ಕಬ್ಬು ಹೋಗೋದು ಅಲ್ಲಿಗೇ. ಕಬ್ಬಿನ ಸಿಪ್ಪೆ ಉರಿಸಿ ಕರೆಂಟ್ ಮಾಡೋ ಘಟಕಕ್ಕೆ ಕಾರ್ಖಾನೆ ಎತ್ತರದ ಚಿಮಣಿ ಕಟ್ಟಿತು. ವಿಮಾನಕ್ಕೆ ಅಡ್ಡ ಅಂತ ತಕರಾರು ಎದ್ದಿತು. ಅನುಮತಿ ಇಲ್ಲದ್ದು ಅಂತ ಪಾಲಿಕೆ ಹೇಳಿತು. ವರ್ಷಗಟ್ಟಲೆ ಕೋರ್ಟ್, ಮೋರ್ಚಾ. ಪೇಟೆಯ ವ್ಯಾಪಾರಸ್ಥರಿಗೆ ವಿಮಾನ ಬೇಕು, ಹಳ್ಳಿಯವರಿಗೆ ಕಾರ್ಖಾನೆ ಉಳಿಯಬೇಕು. ಬೀಗರ ನಡುವೆಯೇ ಮಾತು ಬಿಟ್ಟಿತ್ತು. ಕೊನೆಗೆ 2023ರ ಜೂನ್ 15ರಂದು ಪೊಲೀಸ್ ಬಂದೋಬಸ್ತಿನಲ್ಲಿ ಕೆಡವಿದರು. ಕೆಲವೇ ಸೆಕೆಂಡು. ಮೊಬೈಲ್‌ನಲ್ಲಿ ಅದನ್ನು ನೋಡಿದ ನಮ್ಮ ಕಾಕಾ ಊಟ ಬಿಟ್ಟು ಎದ್ದು ಹೋದರು.

ಕೆಡವಿದ್ದು ಸರಿಯೋ ತಪ್ಪೋ, ಆ ಜಗಳ ಮತ್ತೆ ಬೇಡ. ಆದರೆ ವಿಮಾನಕ್ಕಾಗಿ ಅಂತ ಹೇಳಿಯೇ ಅದನ್ನು ಬೀಳಿಸಿದ್ದು ಅಲ್ವಾ? ನಾಳೆ ರನ್‌ವೇ ಮೇಲೆ ಫ್ಲಾಟ್‌ಗಳು ಎದ್ದರೆ ಕಾಕಾಗೆ ಏನು ಉತ್ತರ ಕೊಡೋದು?

ಬೋರಾಮಣಿಗೆ ನನ್ನ ವಿರೋಧ ಇಲ್ಲ. ರೈತರ ಭೂಮಿ ಹೋಗಿ ಎಷ್ಟೋ ವರ್ಷ ಆಯಿತು. ಅರಣ್ಯದ ಜಾಗ, ಅಳಿವಿನಂಚಿನ ಎರೆಭೂತ ಹಕ್ಕಿ ಅಂತ ಕೆಲಸ ನಿಂತೇ ಇತ್ತು. ಆಗೋದಾದರೆ ಆಗಲಿ. ಆದರೆ ಹೊಸದು ಬಂದರೆ ಹಳೆಯದು ಮುಚ್ಚಲೇಬೇಕು ಅಂತ ಎಲ್ಲಿದೆ? ಬೆಂಗಳೂರಿನ ಎಚ್‌ಎಎಲ್, ಹೈದರಾಬಾದಿನ ಬೇಗಂಪೇಟೆಯಲ್ಲಿ 2008ರಲ್ಲಿ ಪ್ರಯಾಣಿಕರ ವಿಮಾನ ನಿಂತಿದ್ದು ಹೊಸ ನಿಲ್ದಾಣದ 150 ಕಿಲೋಮೀಟರ್ ಒಳಗೆ ಇನ್ನೊಂದು ಇರಬಾರದು ಅಂತ ಅದನ್ನು ಕಟ್ಟಿದ ಕಂಪನಿಗಳ ಜೊತೆ ಮಾಡಿಕೊಂಡ ಕರಾರಿನಿಂದ. ಆ ಜಾಗವನ್ನು ಯಾರೂ ಪ್ಲಾಟ್ ಮಾಡಿ ಮಾರಲಿಲ್ಲ. ಗೋವಾದಲ್ಲಿ 2023ರ ಜನವರಿಯಲ್ಲಿ ಮೋಪಾದ ಹೊಸ ನಿಲ್ದಾಣ ಶುರುವಾಯಿತು, ಹಳೆಯ ದಾಬೋಳಿಯೂ ನಡೆಯುತ್ತಿದೆ. ತಮಾಷೆ ನೋಡಿ, ನಮ್ಮ ವಿಮಾನ ಇಳಿಯೋದೂ ಆ ಮೋಪಾದಲ್ಲೇ.

ಒಂದು ವೇಳೆ ಮುಚ್ಚಿಯೇ ಬಿಟ್ಟರು ಅಂದುಕೊಳ್ಳೋಣ. ಬರ್ಲಿನ್‌ನ ಟೆಂಪಲ್‌ಹೋಫ್ ನಿಲ್ದಾಣ 2008ರಲ್ಲಿ ಮುಚ್ಚಿತು. ಸರ್ಕಾರ ಅದರ ಅಂಚಿನಲ್ಲಿ ಮನೆ ಕಟ್ಟಲು ಹೊರಟಾಗ 2014ರಲ್ಲಿ ಊರಿನ ಜನ ಮತ ಹಾಕಿ ಬೇಡ ಅಂದರು. ಈಗ ರನ್‌ವೇ ಮೇಲೆ ಸೈಕಲ್ ಓಡಿಸುತ್ತಾರೆ, ಗಾಳಿಪಟ ಹಾರಿಸುತ್ತಾರೆ. ನಮ್ಮಲ್ಲಿ ಹಾಗೆ ಕೇಳುವವರು ಯಾರು?

ನನ್ನ ಪ್ರಕಾರ ಊರಿಗೆ ಇಷ್ಟು ಹತ್ತಿರದ ನಿಲ್ದಾಣ ಚಿಕ್ಕ ಏಟಿಆರ್ ವಿಮಾನಗಳಿಗೆ, ರೋಗಿಗಳನ್ನು ಸಾಗಿಸಲು, ಪೈಲಟ್ ತರಬೇತಿಗೆ ಇರಲಿ. ಅದೂ ಆಗದಿದ್ದರೆ ಬಯಲಾಗಿಯೇ ಇರಲಿ. ಯಾವುದಾದರೂ ಸರಿ, ಬೋರಾಮಣಿಯಲ್ಲಿ ಕೆಲಸ ಶುರುವಾಗುವ ಮೊದಲೇ ಇದು ಕಾಗದದ ಮೇಲೆ ಬರಬೇಕು. ಮತ ಕೇಳಲು ಬರುವವರು ಯಾವ ಪಕ್ಷದವರಾದರೂ ಕೂರಿಸಿ ಚಹಾ ಕೊಡಿ. ಆಮೇಲೆ ಆ ಜಾಗ ಮಾರುವುದಿಲ್ಲ ಅಂತ ಬರೆಸಿಕೊಂಡೇ ಕಳಿಸಿ.